ಕಾಗೆಯ ಗೆಳತಿಗೆ ಮೊಲದ ಮರಿ ಬೇಕಂತೆ

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಪಟ್ಟಣ ಬಿಟ್ಟು ಹೊಲಗಳ ನಡುವಿನ ಮನೆಗೆ ಬಂದ ಮೇಲೆ ನಿಮ್ಮ ಎಂಟು ವರ್ಷದ ಮಗಳು ಬೇಲಿಯ ಬುಡದಲ್ಲೇ ದಿನ ಕಳೆಯುತ್ತಾಳೆ. ಒಂದು ಕಾಗೆ ತನ್ನ ಗುರುತು ಹಿಡಿಯುತ್ತದೆ ಎಂದು ವಾದಿಸುತ್ತಾಳೆ, ಅದನ್ನು ಕೇಳಿ ಶಿಕ್ಷಕರು ನಕ್ಕರಂತೆ. ಇದು ಅವಳ ಕಲ್ಪನೆಯೇ ಎಂದು ಕೇಳಿದ್ದೀರಿ. ಪೊದೆಯಲ್ಲಿ ಒಂಟಿಯಾಗಿ ಕಂಡ ಕಾಡುಮೊಲದ ಮರಿಯನ್ನು ಸಾಕೋಣ ಎಂದು ಅಳುತ್ತಿದ್ದಾಳೆ, ತರಲೇ ಎಂದೂ ಕೇಳಿದ್ದೀರಿ.

ತರಬೇಡಿ. ಇದು ಅಚ್ಚಾಗುವ ಹೊತ್ತಿಗೆ ಆ ಮರಿ ಬೆಳೆದು ಓಡಿಹೋಗಿರಬಹುದು, ನಿಜ. ಆದರೆ ಇದೇ ಪ್ರಶ್ನೆ ಇನ್ನೆಷ್ಟೋ ಮನೆಗಳಲ್ಲಿರುತ್ತದೆ. ಕಾಡುಮೊಲದ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ, ಮೈತುಂಬ ರೋಮವಿರುತ್ತದೆ. ತಾಯಿ ಅದನ್ನು ಹುಲ್ಲಿನಲ್ಲಿ ಅಡಗಿಸಿ ಬೇಕೆಂದೇ ದೂರ ಇರುತ್ತದೆ, ತನ್ನ ಸುಳಿವು ಹಿಡಿದು ಬೇಟೆಯ ಪ್ರಾಣಿ ಮರಿಯ ತನಕ ಬರಬಾರದಲ್ಲ! ಸಂಜೆಗತ್ತಲಲ್ಲಿ ಬಂದು ಕೆಲವೇ ನಿಮಿಷ ಹಾಲೂಡಿಸಿ ಹೊರಟುಬಿಡುತ್ತದೆ. ನಿಮ್ಮ ಮಗಳು ಕಂಡದ್ದು ಅನಾಥ ಮರಿಯನ್ನಲ್ಲ, ಕಾಯುತ್ತಿರುವ ಮರಿಯನ್ನು. ನೆಲಕ್ಕಿಳಿದು ಕುಪ್ಪಳಿಸುವ, ಪುಕ್ಕ ಮೂಡಿದ ಹಕ್ಕಿಮರಿಯ ಕತೆಯೂ ಬಹುಪಾಲು ಇದೇ. ಅಪ್ಪ ಅಮ್ಮ ಹತ್ತಿರದಲ್ಲೇ ಎಲ್ಲೋ ಇರುತ್ತವೆ. ಗೂಡಿನಿಂದ ಬಿದ್ದದ್ದು ರೆಕ್ಕೆ ಬಾರದ ಮರಿಯಾದರೆ ಎತ್ತಿ ಗೂಡಿಗೇ ಇಡಬಹುದು. ಮನುಷ್ಯರ ಕೈ ಸೋಕಿದರೆ ತಾಯಿಹಕ್ಕಿ ಸೇರಿಸುವುದಿಲ್ಲ ಎಂಬ ಮಾತು ಸುಳ್ಳು.

ಉಪದೇಶ ಮಾಡುವ ಅರ್ಹತೆ ನನಗಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ನಾನೂ ಒಂದು ಅಳಿಲುಮರಿಯನ್ನು ಚಪ್ಪಲಿಯ ಡಬ್ಬಿಯಲ್ಲಿಟ್ಟು ಸಾಕಿದ್ದೆ. ಹತ್ತಿಯನ್ನು ಹಸುವಿನ ಹಾಲಿನಲ್ಲಿ ಅದ್ದಿ ಬಾಯಿಗೆ ಹಿಂಡುತ್ತಿದ್ದೆ. ಮೂರನೆಯ ದಿನ ಅದರ ಮೂಗಿನ ತುದಿಯಲ್ಲಿ ಹಾಲಿನ ಒಂದು ಗುಳ್ಳೆ ಕಾಣಿಸಿತು, ಒಡೆಯಿತು, ಮತ್ತೆ ಕಾಣಿಸಿತು. ಹಾಲು ಶ್ವಾಸಕೋಶಕ್ಕೆ ಇಳಿದಿತ್ತು ಎಂದು ತಿಳಿದದ್ದು ದೊಡ್ಡವನಾದ ಮೇಲೆ. ಅಂದು ಮನೆಯವರು ಹೇಳಿದ್ದು, 'ಅದರ ಆಯಸ್ಸು ಅಷ್ಟೇ.'

ಇನ್ನು ಕಾಗೆಯ ವಿಷಯ. ಇಲ್ಲಿ ನಿಮ್ಮ ಮಗಳೇ ಸರಿ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಮುಖವಾಡ ತೊಟ್ಟು ಕಾಗೆಗಳನ್ನು ಹಿಡಿದು ಬಿಟ್ಟರು. ಆಮೇಲೆ ಅದೇ ಮುಖವಾಡ ತೊಟ್ಟು ಯಾರು ನಡೆದರೂ ಕಾಗೆಗಳು ಬೈದು ಬೆನ್ನಟ್ಟಿದವು, ಅದೂ ವರ್ಷಗಳ ಕಾಲ. ಹಿಡಿಸಿಕೊಳ್ಳದ ಕಾಗೆಗಳೂ ಉಳಿದವುಗಳಿಂದ ಆ ಮುಖವನ್ನು ಕಲಿತಿದ್ದವು. ಹಗೆಯ ಮುಖವನ್ನು ಹೀಗೆ ನೆನಪಿಡುವ ಹಕ್ಕಿ ದಿನವೂ ಬೇಲಿಯ ಬಳಿ ಸುಮ್ಮನೆ ಕೂರುವ ಹುಡುಗಿಯನ್ನು ಗುರುತಿಸಿದರೆ ಅಚ್ಚರಿಯೇನು? ಅವಳನ್ನು ನೋಡಿ ನಕ್ಕ ಶಿಕ್ಷಕರಿಗೆ ಇದನ್ನು ಓದಿ ಹೇಳಿ.

ಚಿಂಪಾಂಜಿಗಳ ನಡುವೆ ಬದುಕಿ ಅವುಗಳನ್ನು ಅರಿತ ಜೇನ್ ಗುಡಾಲ್ ಪುಟ್ಟ ಹುಡುಗಿಯಾಗಿದ್ದಾಗ, ಕೋಳಿ ಮೊಟ್ಟೆ ಹೇಗೆ ಇಡುತ್ತದೆಂದು ನೋಡಲು ಕೋಳಿಗೂಡಿನಲ್ಲಿ ಗಂಟೆಗಟ್ಟಲೆ ಅಡಗಿ ಕುಳಿತಿದ್ದರು. ಮನೆಯವರೆಲ್ಲ ಗಾಬರಿಯಿಂದ ಹುಡುಕುತ್ತಿದ್ದರು. ಮೈಗೆಲ್ಲ ಹುಲ್ಲು ಮೆತ್ತಿಕೊಂಡು ಓಡಿಬಂದ ಮಗಳನ್ನು ತಾಯಿ ಗದರಲಿಲ್ಲ. ಕುಳಿತು ಕತೆಯನ್ನೆಲ್ಲ ಕೇಳಿದರು. ಈ ಪ್ರಸಂಗದಲ್ಲಿ ನನಗೆ ಮಗಳಿಗಿಂತ ತಾಯಿಯೇ ಹೆಚ್ಚು ಇಷ್ಟ.

ಎಚ್ಚರಿಕೆಯ ಮಾತು ಒಂದೇ. ಬಾವಲಿ, ನರಿ, ಮಂಕಾಗಿ ಬಿದ್ದಿರುವ ಯಾವುದೇ ಪ್ರಾಣಿ, ಇವುಗಳನ್ನು ಮುಟ್ಟಕೂಡದು. ಕಚ್ಚಿದರೆ ಅಥವಾ ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ತೀರಾ ಅಪರೂಪ. ಬಚ್ಚಿಟ್ಟರೆ ಅಪಾಯ, ಹೇಳಿದರೆ ಬೈಗುಳವಿಲ್ಲ ಎಂಬ ಭರವಸೆ ಅವಳಿಗಿರಲಿ.

ಮರಿ ಇನ್ನೂ ಅಲ್ಲೇ ಇದ್ದರೆ ಒಂದು ಸಂಜೆ ನೀವೂ ಅವಳೊಡನೆ ಹೋಗಿ. ಪೊದೆಯಿಂದ ಸಾಕಷ್ಟು ದೂರ, ಗಾಳಿ ಮೊಲದ ಕಡೆಯಿಂದ ನಿಮ್ಮ ಕಡೆಗೆ ಬೀಸುವ ಜಾಗ ನೋಡಿ ಕುಳಿತುಕೊಳ್ಳಿ. ಮೊಬೈಲ್ ಮನೆಯಲ್ಲಿರಲಿ. ತಾಯಿಮೊಲ ಬಂದರೆ ನನಗೆ ಬರೆಯಿರಿ. ಆ ಪತ್ರ ಅವಳ ಕೈಬರಹದಲ್ಲೇ ಬರಲಿ, ಕಾಗುಣಿತ ತಿದ್ದಬೇಡಿ.

— ಸಂಪಾದಕ