ಯಾವ ಬ್ರಾಹ್ಮಿ ಅಂತ ಮೊದಲು ಹೇಳಿ

ನಮಸ್ಕಾರ. ಪುಣೆಯಿಂದ ನೀವು ಕಳಿಸಿದ ‘ಬ್ರಾಹ್ಮಿ ಜಪಾನಿಗೆ ಹೊರಟಿತು’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕಲಾರೆವು. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಬೌದ್ಧಧರ್ಮ, ಸಿಂಹಗಡ ರಸ್ತೆಯ ಪುಣೆ-ಒಕಾಯಾಮಾ ಉದ್ಯಾನ, ಚೆರ‍್ರಿ ಹೂ ಎಲ್ಲ ಪೀಠಿಕೆಯ ಸರಕು. ನಿಮ್ಮ ಕಥೆ ಶುರುವಾಗುವುದು ಮೂರನೇ ಪುಟದಲ್ಲಿ. ಔಷಧಿ ಡಬ್ಬಿಯ ಲೇಬಲನ್ನು ಜಪಾನೀ ಭಾಷೆಗೆ ಅನುವಾದಿಸುವಾಗ ಬ್ರಾಹ್ಮಿಯನ್ನು ಹಾಗೇ ಕತಕಾನಾದಲ್ಲಿ, ಅಂದರೆ ಹೊರಗಿನ ಪದಗಳನ್ನು ಉಚ್ಚಾರದಂತೆ ಬರೆಯುವ ಜಪಾನೀ ಲಿಪಿಯಲ್ಲಿ, ಬರೆದಿರಿ. ‘ಇದು ಯಾವ ಗಿಡ?’ ಅಂತ ಅತ್ತಲಿಂದ ಪ್ರಶ್ನೆ ಬಂತು. ಊರಿಗೆ ಫೋನ್ ಮಾಡಿದರೆ ಅಮ್ಮ ‘ನಮ್ಮ ತಿಮರೆ ಅಲ್ವಾ ಮಾರಾಯ್ತಿ’ ಅಂದರು. ಲೇಖನದ ಜೀವ ಇರುವುದೇ ಇಲ್ಲಿ, ನೀವೋ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ.

ಅಮ್ಮ ಹೇಳಿದ್ದು ಒಂದೆಲಗ. ನೆಲಕ್ಕಂಟಿ ಹಬ್ಬುತ್ತದೆ, ಉದ್ದ ತೊಟ್ಟಿಗೆ ಒಂದೇ ದುಂಡನೆಯ ಎಲೆ, ಅಂಚಿಗೆಲ್ಲ ಕಚ್ಚು. ತಂಬುಳಿ ಮಾಡುತ್ತೇವಲ್ಲ, ಅದು. ಆಯುರ್ವೇದ ಔಷಧಕೋಶದಲ್ಲಿ ಇದು ಮಂಡೂಕಪರ್ಣಿ. ಅಲ್ಲಿ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ: ಜೌಗಿನ ಗಿಡ, ಎದುರುಬದುರು ಜೋಡಿಯಾಗಿ ಕೂತ ದಪ್ಪನೆಯ ಪುಟ್ಟ ಎಲೆಗಳು. ಸಸ್ಯಶಾಸ್ತ್ರದಲ್ಲಿ ಒಂದೆಲಗ ಸೆಂಟೆಲ್ಲಾ ಏಷಿಯಾಟಿಕಾ, ಕೊತ್ತಂಬರಿಯ ಕುಟುಂಬದ್ದು. ನೀರುಬ್ರಾಹ್ಮಿ ಬಕೋಪಾ ಮೊನ್ನಿಯೇರಿ. ದೂರದ ನೆಂಟಸ್ತಿಕೆಯನ್ನೂ ಹೇಳಿಕೊಳ್ಳುವ ಹಾಗಿಲ್ಲ. ಡಬ್ಬಿಯ ಮೇಲೆ ಇವುಗಳಲ್ಲಿ ಯಾವ ಹೆಸರಿತ್ತು? ಏಳು ಪುಟ ಮುಗಿದರೂ ನೀವು ಬಾಯಿಬಿಡುವುದಿಲ್ಲ!

‘ಜಪಾನೀಯರಿಗೆ ಈ ಗಿಡಕ್ಕೆ ಹೆಸರೇ ಇಲ್ಲ’ ಎಂಬ ಮಾತು ತಪ್ಪು. ಒಂದೆಲಗ ಅಲ್ಲಿ ಟೋಕಿಯೊ ಸುತ್ತಲಿನ ಕಾಂತೋ ಪ್ರದೇಶದಿಂದ ಪಶ್ಚಿಮಕ್ಕೆ, ದಕ್ಷಿಣದ ಓಕಿನಾವಾ ದ್ವೀಪಗಳವರೆಗೂ ತಾನಾಗಿಯೇ ಬೆಳೆಯುತ್ತದೆ. ಹೆಸರು ‘ತ್ಸುಬೊಕುಸಾ’, ಅಂಗಳದ ಸೊಪ್ಪು ಎನ್ನಬಹುದು. ಗಿಡಮೂಲಿಕೆಯಾಗಿ ಚೀನೀ ಮೂಲದ ‘ಸೆಕಿಸೆತ್ಸುಸೊ’ ಎಂಬ ಹೆಸರೂ ಉಂಟು. ನೀರುಬ್ರಾಹ್ಮಿ ‘ಒತೊಮೆ-ಅಜೆನಾ’. ಒತೊಮೆ ಎಂದರೆ ಕನ್ಯೆ, ಅಜೆನಾ ಎಂದರೆ ಗದ್ದೆಬದುವಿನ ಸೊಪ್ಪು. ನಮ್ಮ ಕರಾವಳಿಯ ಓದುಗರು ಇದನ್ನು ಎರಡು ಸಲ ಓದುತ್ತಾರೆ, ನಂಬಿ.

‘ಬ್ರಹ್ಮನ ಹುಲ್ಲು’ ಎಂದು ಎರಡು ಕಾಂಜಿ (ಜಪಾನೀ ಬರಹದ ಚೀನೀ ಮೂಲದ ಅಕ್ಷರ) ಜೋಡಿಸಿ ಹೊಸ ಹೆಸರು ಕಟ್ಟಿದ್ದೀರಿ. ಕಿವಿಗೆ ಇಂಪಾಗಿದೆ, ಕವಿತೆಗಾದರೆ ನಾನೂ ಒಪ್ಪುತ್ತಿದ್ದೆ. ಹೊಟ್ಟೆಗೆ ಹೋಗುವ ಔಷಧಿಯ ಲೇಬಲ್ ಮೇಲೆ ಮಾತ್ರ ಬೇಡ. ನೀರುಬ್ರಾಹ್ಮಿಯ ಮುಖ್ಯ ಅಂಶ ಬ್ಯಾಕೊಸೈಡ್, ಒಂದೆಲಗದ್ದು ಏಷಿಯಾಟಿಕೊಸೈಡ್. ಕೊಳ್ಳುವವನು ಯಾವುದನ್ನು ನುಂಗುತ್ತಿದ್ದೇನೆ ಅಂತ ನಿಮ್ಮ ಹೊಸ ಹೆಸರಿನಿಂದ ತಿಳಿಯುವುದಾದರೂ ಹೇಗೆ? ಮೊದಲು ಸಸ್ಯಶಾಸ್ತ್ರೀಯ ಹೆಸರು ಹಿಡಿಯಬೇಕು, ಅದರಿಂದ ಜಪಾನೀ ಹೆಸರಿಗೆ ಹೋಗಬೇಕು. ಈ ದಾರಿಯನ್ನೇ ನೀವು ಎಡವಿದಲ್ಲೆಲ್ಲ ನಿಲ್ಲಿಸಿ ತೋರಿಸಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಪ್ರಾಚೀನ ಜ್ಞಾನಪರಂಪರೆ’ ಕಂಡಲ್ಲೆಲ್ಲ ಗೆರೆ ಎಳೆದಿದ್ದೇನೆ. ಅಮ್ಮನ ಮಾತು ಬಂದಲ್ಲಿ ನಿಮ್ಮ ಕನ್ನಡ ತಾನಾಗಿಯೇ ನೇರವಾಗುತ್ತದೆ, ಅವರನ್ನು ಇನ್ನಷ್ಟು ಮಾತಾಡಿಸಿ.

ತಿದ್ದಿದ ಪ್ರತಿ ನಾಲ್ಕು ಪುಟ ಮೀರದಿರಲಿ. ಎರಡೂ ಗಿಡಗಳ ಫೋಟೊ ನೀವೇ ತೆಗೆದು ಕಳಿಸಿ, ಎಲೆ ಹೇಗೆ ಕೂತಿದೆ ಎಂಬುದು ಸ್ಪಷ್ಟವಾಗಿ ಕಾಣಬೇಕು.