ರೀಮಿಕ್ಸ್ ಕೇಳಿದೆ, ಮೂಲ ಹಾಡು ಎಲ್ಲಿ ಹುಡುಕಲಿ?

ಪ್ರಶ್ನೆ: ತಾಳವಾದ್ಯಗಾರ ವಿಲ್ಲಿ ಬೋಬೋ ಅವರ ‘ಸ್ಪಾನಿಷ್ ಗ್ರೀಸ್’ ರೀಮಿಕ್ಸ್ ಕೇಳಿ ಹುಚ್ಚು ಹಿಡಿದಿದೆ. ಜಾಝ್ ಜೊತೆ ಕ್ಯೂಬಾ ಕಡೆಯ ತಾಳಗಳು ಬೆರೆತ ಈ ಲ್ಯಾಟಿನ್ ಜಾಝ್ ನನಗೆ ಹೊಸದು. ರೀಮಿಕ್ಸ್‌ನಿಂದ ಶುರು ಮಾಡಿದ್ದು ತಪ್ಪಾ? ಮುಂದೆ ಏನು ಕೇಳಲಿ?
– ಓದುಗರು, ಧಾರವಾಡ

ಉತ್ತರ: ತಪ್ಪೇನೂ ಇಲ್ಲ. ಎಷ್ಟೋ ಜನ ಈ ಸಂಗೀತಕ್ಕೆ ಬಂದಿದ್ದು ಇದೇ ಬಾಗಿಲಿನಿಂದ, ನಾನೂ ಹಾಗೇ ಬಂದೆ. 2002ರ ‘ವರ್ವ್ ರೀಮಿಕ್ಸ್ಡ್’ ಆಲ್ಬಮ್‌ನಲ್ಲಿ ವಿಯೆನ್ನಾದ ಡಿಜೆ ರಿಚರ್ಡ್ ಡಾರ್ಫ್‌ಮೈಸ್ಟರ್ ಕೈಯಾಡಿಸಿದ್ದ ಹಾಡು ಅದು. ಮೂಲ 1965ರದ್ದು. ಹೆಡ್‌ಫೋನ್ ಹಾಕಿಕೊಂಡು ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಮೂಲದಲ್ಲಿ ತಾಳವಾದ್ಯಗಳು ಒಂದನ್ನೊಂದು ಮಾತಾಡಿಸುತ್ತವೆ, ಅದು ಮನುಷ್ಯರ ಕೈ ಅಂತ ಗೊತ್ತಾಗುತ್ತದೆ, ಅಲ್ವಾ?

ಆಮೇಲೆ ಬೋಬೋ ಬೇರೆ ಯಾರ ಜೊತೆ ನುಡಿಸಿದ್ದರು ಅಂತ ನೋಡಿ. ವೈಬ್ರಫೋನ್ (ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯ) ವಾದಕ ಕ್ಯಾಲ್ ಜೇಡರ್ ಅವರ ‘ಸೋಲ್ ಸಾಸ್’ ಸಿಗುತ್ತದೆ. ಆ ಹಾಡಿನ ಬೇರು ಇನ್ನೂ ಹಿಂದಿದೆ, 1940ರ ದಶಕದಲ್ಲಿ ಜಾಝ್ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಮತ್ತು ಕಾಂಗಾ ಎಂಬ ಎತ್ತರದ ಡೋಲು ನುಡಿಸುತ್ತಿದ್ದ ಕ್ಯೂಬಾದ ಚಾನೋ ಪೋಜೋ ನ್ಯೂಯಾರ್ಕ್‌ನಲ್ಲಿ ಒಟ್ಟಿಗೆ ಕಟ್ಟಿದ ‘ಗ್ವಾರಾಚಿ ಗ್ವಾರೋ’ದಲ್ಲಿ. ಇದೇ ಜೋಡಿಯ ‘ಮಾಂಟೆಕಾ’ ಮಾತ್ರ ಬಿಡಬೇಡಿ. 1947ರ ರೆಕಾರ್ಡಿಂಗ್, ಸ್ವಲ್ಪ ಗರಗರ ಇದೆ. ಸೌಂಡ್ ಜಾಸ್ತಿ ಇಟ್ಟು ಕೇಳಿ.