ಬೀಗರ ಮನೆತನ ಮತ್ತು ಒಂದೇ ಊರಿನ ನಾಲ್ಕು ಥಾಮಸ್‌ಗಳು

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ನಿವೃತ್ತ ಶಾಲಾ ಮೇಷ್ಟ್ರು. ಮಗ ಬಾಸ್ಟನ್ ಹತ್ತಿರ ಇದ್ದಾನೆ, ಸೊಸೆ ಅಲ್ಲಿಯವಳೇ. ಅವಳ ತಂದೆ, ಅಂದರೆ ನಮ್ಮ ಬೀಗರು, ತಮ್ಮ ಮನೆತನ 1630ರ ಸುಮಾರಿಗೆ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದದ್ದು ಎನ್ನುತ್ತಾರೆ. ಮೊಮ್ಮಗನಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದಾರಂತೆ. ನಮ್ಮ ಕಡೆಯದು ಐದು ತಲೆಮಾರಿಗೆ ನಿಂತಿತು. ಅವರ ಕಡೆಯದನ್ನು ಒಂದು ವೆಬ್‌ಸೈಟಿನಲ್ಲಿ ಹುಡುಕಿದರೆ ಹತ್ತೇ ನಿಮಿಷದಲ್ಲಿ ಹದಿನೈದು ತಲೆಮಾರು ಬಂತು, ತುದಿಯಲ್ಲಿ ಒಬ್ಬ ರಾಜನೂ ಸಿಕ್ಕಿದ! ನಂಬಬಹುದೇ?
(ದಾವಣಗೆರೆಯ ಓದುಗರು)

ಉತ್ತರ: ಮೇಷ್ಟ್ರೇ, ರಾಜನನ್ನು ಸದ್ಯಕ್ಕೆ ಪಕ್ಕಕ್ಕೆ ಕೂರಿಸಿ. ಅಂಥ ಮರಗಳು ಹೇಗೆ ಬೆಳೆಯುತ್ತವೆ ಗೊತ್ತಾ? ಯಾರೋ ಒಬ್ಬರು ಅಂದಾಜಿನಲ್ಲಿ ಒಂದು ಹೆಸರು ಸೇರಿಸುತ್ತಾರೆ. ಇನ್ನೊಬ್ಬರು ಅದನ್ನು ನಕಲು ಮಾಡಿಕೊಳ್ಳುತ್ತಾರೆ. ಐವತ್ತು ಜನ ನಕಲು ಮಾಡಿದ ಮೇಲೆ ಐವತ್ತೊಂದನೆಯವರಿಗೆ ಅದು ಐವತ್ತು ಸಾಕ್ಷಿಯ ಹಾಗೆ ಕಾಣುತ್ತದೆ. ಅಸಲಿಗೆ ಸಾಕ್ಷಿ ಒಂದೂ ಇಲ್ಲ. ನಿಮ್ಮ ತರಗತಿಯಲ್ಲಿ ಇಡೀ ಬೆಂಚು ಒಂದೇ ತಪ್ಪು ಉತ್ತರ ಬರೆದದ್ದನ್ನು ನೀವು ನೋಡಿಯೇ ಇರುತ್ತೀರಿ, ಅಲ್ವಾ?

ಈ ಕೆಲಸ ಮಾಡುವವರಿಗೆ ಒಂದೇ ನಿಯಮ. ಇವತ್ತಿನಿಂದ ಹಿಂದಕ್ಕೆ ಹೋಗಬೇಕು, ಅಲ್ಲಿಂದ ಈಚೆಗೆ ಬರಬಾರದು. ಸೊಸೆ, ಅವಳಪ್ಪ, ಅವರಪ್ಪ, ಹೀಗೆ ಒಂದೊಂದೇ ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ‘ಇವನು ಇವನ ಮಗ’ ಎಂದು ಹೇಳುವ ಒಂದು ಕಾಗದ ಬೇಕು. ಹೆಸರು ಒಂದೇ ಇದ್ದರೆ ಸಾಲದು.

ಹೆಸರು ಯಾಕೆ ಸಾಲದು ಅನ್ನೋದಕ್ಕೆ ಅಬ್ರಹಾಂ ಲಿಂಕನ್‌ ಕತೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಹೌದು, ಅದೇ ಅಧ್ಯಕ್ಷ ಲಿಂಕನ್. ಅವನಿಗೆ ತನ್ನ ಅಜ್ಜ ವರ್ಜೀನಿಯಾದ ರಾಕಿಂಗ್‌ಹ್ಯಾಮ್ ಕೌಂಟಿಯಿಂದ ಕೆಂಟಕಿಗೆ ಬಂದವನು ಎಂದು ಗೊತ್ತಿತ್ತು. ಅದಕ್ಕೂ ಹಿಂದೆ ಪೆನ್ಸಿಲ್ವೇನಿಯಾ ಎಂದು ಕೇಳಿದ್ದ. ಅಲ್ಲಿಗೆ ಮುಗಿಯಿತು. 1848ರಲ್ಲಿ ಮ್ಯಾಸಚೂಸೆಟ್ಸ್‌ನ ಹಿಂಗಮ್ ಎಂಬ ಊರಿನಿಂದ ಸಾಲಮನ್ ಲಿಂಕನ್ ಎಂಬಾತ ಕಾಗದ ಬರೆದು ನೀವು ನಮ್ಮವರೇ ಏನು ಎಂದು ವಿಚಾರಿಸಿದ. ಲಿಂಕನ್ ತನಗೆ ಗೊತ್ತಿದ್ದಷ್ಟು ಉತ್ತರ ಬರೆದ, ಆದರೆ ಗಂಟು ಬಿಚ್ಚಲಿಲ್ಲ. 1859ರಲ್ಲಿ ತನ್ನ ಬಗ್ಗೆ ಒಂದು ಸಣ್ಣ ಟಿಪ್ಪಣಿ ಬರೆದುಕೊಟ್ಟಾಗ ಈ ವಿಷಯವನ್ನೂ ಹೇಳಿದ. ಆ ಕಡೆಯ ಲಿಂಕನ್‌ಗಳ ಜೊತೆ ನಂಟು ಹುಡುಕಿ ನೋಡಿದ್ದಾಯಿತು, ಎರಡೂ ಕಡೆ ಮೊರ್ಡೆಕಾಯ್, ಲೆವಿ, ಸಾಲಮನ್, ಅಬ್ರಹಾಂ ಎಂಬ ಹೆಸರುಗಳು ಬರುತ್ತವೆ ಅನ್ನೋದು ಬಿಟ್ಟರೆ ಹೆಚ್ಚೇನೂ ಸಿಗಲಿಲ್ಲ ಅಂತ. ವಕೀಲ ಅಲ್ವಾ, ಹೆಸರು ಹೊಂದಿತು ಎಂದು ನಂಟು ಕಟ್ಟಿಕೊಳ್ಳಲಿಲ್ಲ. ನನಗೆ ಅವನ ಮೇಲೆ ಗೌರವ ಜಾಸ್ತಿಯಾದದ್ದು ಇದನ್ನು ಓದಿದ ಮೇಲೆ.

ನಂಟು ಮಾತ್ರ ನಿಜವೇ ಆಗಿತ್ತು. ಅವನು ಸತ್ತ ಎಷ್ಟೋ ವರ್ಷಗಳ ಮೇಲೆ ಕಾಗದ ಹುಡುಕುವವರು ಅದನ್ನು ಜೋಡಿಸಿದರು. ಇಂಗ್ಲೆಂಡಿನಿಂದ ಬಂದವನು ಸ್ಯಾಮ್ಯುಯೆಲ್. ಅವನ ಮಗ ಮೊರ್ಡೆಕಾಯ್, ಕಮ್ಮಾರ. ಅವನ ಮಗನೂ ಮೊರ್ಡೆಕಾಯ್, ನ್ಯೂಜೆರ್ಸಿಗೆ ಹೋಗಿ ಅಲ್ಲಿಂದ ಪೆನ್ಸಿಲ್ವೇನಿಯಾ ಸೇರಿದ. ಅವನ ಮಗ ಜಾನ್ ವರ್ಜೀನಿಯಾಕ್ಕೆ ಹೋದ. ಜಾನ್‌ನ ಮಗ ಅಬ್ರಹಾಂ, ಅವನ ಮಗ ಥಾಮಸ್, ಥಾಮಸ್‌ನ ಮಗ ಅಧ್ಯಕ್ಷ. ಸ್ಯಾಮ್ಯುಯೆಲ್‌ನಿಂದ ಎಣಿಸಿದರೆ ಏಳನೇ ತಲೆಮಾರು. ಇದರಲ್ಲಿ ಕೊಂಡಿ ಸುಲಭವಾಗಿ ಕಳಚುವುದು ಎಲ್ಲಿ ಅಂದರೆ ಜನ ಒಂದು ಪ್ರಾಂತ್ಯ ಬಿಟ್ಟು ಇನ್ನೊಂದಕ್ಕೆ ಹೋದ ಕಡೆ. ಅಲ್ಲಿ ಕೈ ಹಿಡಿಯುವುದು ಜಮೀನು. ಪೆನ್ಸಿಲ್ವೇನಿಯಾದ ಮೊರ್ಡೆಕಾಯ್ 1736ರಲ್ಲಿ ಸತ್ತಾಗ ನ್ಯೂಜೆರ್ಸಿಯಲ್ಲಿ ತನಗಿದ್ದ ಜಮೀನನ್ನು ವಿಲ್ಲಿನಲ್ಲಿ ಮಗ ಜಾನ್‌ಗೆ ಬಿಟ್ಟಿದ್ದ. ಜಾನ್ ಮುಂದೆ ಅದನ್ನು ಮಾರಿದಾಗ ಕ್ರಯಪತ್ರದಲ್ಲಿ ತಾನು ಇಂಥವನ ಮಗ, ವಾರಸುದಾರ ಎಂದು ಬರೆಸಬೇಕಾಯಿತು. ಮೂರು ಪ್ರಾಂತ್ಯದ ಜನರನ್ನು ಒಂದು ಹೊಲದ ಪತ್ರ ಹೊಲಿದುಬಿಟ್ಟಿತು. ಪ್ರೀತಿ ಮಾಡಿದವರನ್ನು ಮರೆಯಬಹುದು, ಜಮೀನು ಯಾರದು ಅನ್ನೋದನ್ನು ಯಾವ ಸರ್ಕಾರವೂ ಮರೆಯಲ್ಲ.

ಈಗ ಆ ಸ್ಯಾಮ್ಯುಯೆಲ್‌ ಹಡಗು ಹತ್ತಿದ ಕಾಗದವನ್ನೇ ನೋಡೋಣ. 1637ರ ಏಪ್ರಿಲ್. ಇಂಗ್ಲೆಂಡಿನ ನಾರ್ಫಕ್ ಕಡೆಯ ಯಾರ್ಮತ್ ಬಂದರು. ಹೊರಡುವವರನ್ನು ವಿಚಾರಿಸಿ ಒಂದು ಪಟ್ಟಿ ಬರೆದಿದ್ದಾರೆ. ಫ್ರಾನ್ಸಿಸ್ ಲಾಸ್, ನಾರಿಚ್‌ನ ನೇಕಾರ, ವಯಸ್ಸು 57. ಹೆಂಡತಿ ಲಿಡಿಯಾ, 49. ಮಗಳು ಮೇರಿ. ಜೊತೆಗೆ ಇಬ್ಬರು ಆಳುಗಳು: ಸ್ಯಾಮ್ಯುಯೆಲ್ ‘ಲಿಂಕಾರ್ನ್’, 18 ವರ್ಷ, ಮತ್ತು ಆ್ಯನ್ ಸ್ಮಿತ್, 19. ನ್ಯೂ ಇಂಗ್ಲೆಂಡಿಗೆ (ಅಮೆರಿಕದಲ್ಲಿ ಬಾಸ್ಟನ್ ಇರುವ ಈಶಾನ್ಯದ ಭಾಗ) ಹೋಗಿ ನೆಲೆಸುವ ಆಸೆ ಇದೆಯಂತೆ. ಇಷ್ಟೇ.

ಇದರಲ್ಲಿ ಎರಡು ಎಡವಟ್ಟು ನೋಡಿ. ಹೆಸರು ‘ಲಿಂಕಾರ್ನ್’. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿದ್ದಾನೆ, ಆಗ ಕಾಗುಣಿತಕ್ಕೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇನ್ನೊಂದು ವಯಸ್ಸು. ನಾರ್ಫಕ್‌ನ ಹಿಂಗಮ್ ಊರಿನ ಚರ್ಚಿನ ಪುಸ್ತಕದಲ್ಲಿ ಸ್ಯಾಮ್ಯುಯೆಲ್‌ನ ದೀಕ್ಷಾಸ್ನಾನ, ಅಂದರೆ ಹುಟ್ಟಿದ ಕೂಸಿಗೆ ಚರ್ಚಿನಲ್ಲಿ ಮಾಡುವ ಶಾಸ್ತ್ರ, ಆದದ್ದು 1622ರಲ್ಲಿ. ಹಾಗಾದರೆ ಹಡಗು ಹತ್ತುವಾಗ ಹುಡುಗನಿಗೆ ಹದಿನೈದೂ ಸರಿಯಾಗಿ ತುಂಬಿರಲಿಲ್ಲ. ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಜೂನ್ ಒಂದು ಎಂದು ಹಾಕಿಬಿಡುತ್ತಿದ್ದರಲ್ಲ (ನೀವೂ ಹಾಕಿರಬಹುದು, ಬೇಜಾರು ಮಾಡಿಕೊಳ್ಳಬೇಡಿ), ಹಾಗೆ. ಕಂಪ್ಯೂಟರಿಗೆ ‘ಲಿಂಕನ್, 1619ರಲ್ಲಿ ಹುಟ್ಟಿದವನು’ ಎಂದು ಕೊಟ್ಟರೆ ಅದು ಬೇರೆ ಯಾರನ್ನೋ ತಂದುಕೊಡುತ್ತದೆ, ನೀವು ಆ ಪರಕೀಯನ ಅಪ್ಪ ಅಮ್ಮನನ್ನೆಲ್ಲ ಮನೆಗೆ ಕರೆದುಕೊಂಡು ಬರುತ್ತೀರಿ.

ಮತ್ತೆ ಇವನೇ ಅವನು ಎಂದು ಹೇಗೆ ಗೊತ್ತಾಯಿತು? ಅಕ್ಕಪಕ್ಕದವರಿಂದ. ಆಗಿನ ಜನ ಒಂಟಿಯಾಗಿ ಹೊರಡುತ್ತಿದ್ದದ್ದು ಕಡಿಮೆ. ಊರಿಗೆ ಊರೇ ಹೊರಡುತ್ತಿತ್ತು. ನಾರ್ಫಕ್‌ನ ಹಿಂಗಮ್‌ನಿಂದ ಹೋದವರು ಅಲ್ಲೂ ಹಿಂಗಮ್ ಎಂದೇ ಊರು ಕಟ್ಟಿದರು. 1638ರಲ್ಲಿ ಹಳೇ ಊರಿನ ಪಾದ್ರಿ ರಾಬರ್ಟ್ ಪೆಕ್ ಕೂಡ ಹಿಂದೆಯೇ ಬಂದ. ಸ್ಯಾಮ್ಯುಯೆಲ್‌ನ ಅಣ್ಣಂದಿರಾದ ಥಾಮಸ್ ಮತ್ತು ಡೇನಿಯಲ್ ಆಗಲೇ ಅಲ್ಲಿದ್ದರು. ಮ್ಯಾಸಚೂಸೆಟ್ಸ್‌ನದೇ ಸೇಲಂನಲ್ಲಿ ಇಳಿದ ಹುಡುಗ ಆಮೇಲೆ ಅಣ್ಣಂದಿರ ಹತ್ತಿರ ಬಂದುಬಿಟ್ಟ. ನಮ್ಮಲ್ಲಿ ಹೆಳವರು ಎತ್ತಿನ ಮೇಲೆ ಬಂದು ಮನೆತನದ ಹೆಸರುಗಳನ್ನು ಒಪ್ಪಿಸುತ್ತಿದ್ದರಲ್ಲ, ಹೊಸ ಹಿಂಗಮ್‌ನಲ್ಲಿ ಆ ಕೆಲಸವನ್ನು ಊರಿನ ಗುಮಾಸ್ತ ಡೇನಿಯಲ್ ಕುಶಿಂಗ್ ಮಾಡಿದ. ಯಾವ ವರ್ಷ ಯಾರ ಕುಟುಂಬ ನಾರ್ಫಕ್‌ನಿಂದ ಬಂತು ಎಂದು ಪಟ್ಟಿ ಬರೆದಿಟ್ಟ. ನಿಮ್ಮ ಬೀಗರ ಮೂಲಪುರುಷನ ಇಂಗ್ಲಿಷ್ ಊರು ಗೊತ್ತಾಗದಿದ್ದರೆ ಅವನನ್ನು ಬಿಟ್ಟು ಅವನ ಪಕ್ಕದ ಹೊಲದವನು, ವಿಲ್ಲಿಗೆ ಸಾಕ್ಷಿ ಹಾಕಿದವನು, ಮಗಳನ್ನು ಕೊಟ್ಟ ಮನೆಯವನು ಎಲ್ಲಿಯವರು ಎಂದು ನೋಡಿ. ಎಷ್ಟೋ ಸಲ ಬಾಗಿಲು ಅಲ್ಲೇ ತೆಗೆಯುತ್ತದೆ.

ಇನ್ನು ತಲೆಬರಹದ ವಿಷಯ. ಆ ಸಣ್ಣ ಹಿಂಗಮ್‌ನಲ್ಲಿ ಒಂದೇ ಕಾಲಕ್ಕೆ ನಾಲ್ಕು ಜನ ಥಾಮಸ್ ಲಿಂಕನ್ ಇದ್ದರು! ನೇಕಾರ ಥಾಮಸ್, ಪೀಪಾಯಿ ಮಾಡುವ ಥಾಮಸ್, ಗಿರಣಿಯ ಥಾಮಸ್, ಬೇಸಾಯದ ಥಾಮಸ್. ದಾಖಲೆ ಬರೆಯುವವರೂ ಕಸುಬು ಸೇರಿಸಿಯೇ ಬರೆಯುತ್ತಿದ್ದರು. ಸ್ಯಾಮ್ಯುಯೆಲ್‌ನ ಅಣ್ಣ ನೇಕಾರ ಥಾಮಸ್. ಅವನಿಗೆ ಮಕ್ಕಳಿರಲಿಲ್ಲ, ಆಸ್ತಿ ತಮ್ಮನ ಕಡೆಗೆ ಹೋಯಿತು. ಆದರೂ ‘ನಾವು ನೇಕಾರ ಥಾಮಸ್‌ ವಂಶದವರು’ ಎಂದು ಮರ ಹಾಕಿಕೊಂಡವರು ಸಿಕ್ಕರೆ ಆಶ್ಚರ್ಯ ಪಡಬೇಡಿ.

ಇದೇ ಜಾತಿಯ ಇನ್ನೊಂದು ಗುಂಡಿ ಇದೆ. ಹಳೇ ದಾಖಲೆಯಲ್ಲಿ ಸೀನಿಯರ್, ಜೂನಿಯರ್ ಎಂದಿದ್ದರೆ ಅಪ್ಪ ಮಗ ಎಂದುಕೊಳ್ಳಬೇಡಿ. ಊರಿನಲ್ಲಿ ಒಂದೇ ಹೆಸರಿನ ಇಬ್ಬರಲ್ಲಿ ದೊಡ್ಡವನು, ಚಿಕ್ಕವನು ಅಂತ ಅಷ್ಟೇ. ದೊಡ್ಡವನು ಸತ್ತರೆ ಜೂನಿಯರೇ ಸೀನಿಯರ್ ಆಗಿಬಿಡುತ್ತಿದ್ದ. ‘ಸನ್ ಇನ್ ಲಾ’ ಎಂದರೆ ಅಳಿಯನೇ ಆಗಬೇಕಿಲ್ಲ, ಹೆಂಡತಿಯ ಮೊದಲ ಗಂಡನ ಮಗನೂ ಆಗಬಹುದು. ‘ಕಸಿನ್’ ಎಂದರೆ ಅಣ್ಣನ ಮಗನೂ ಆದೀತು. ನಮ್ಮ ಭಾಷೆಯಲ್ಲಿ ಷಡ್ಡಕ, ಸೋದರಳಿಯ, ದಾಯಾದಿ ಎಂದು ಬಿಡಿಸಿ ಹೇಳುವ ಹಾಗೆ ಅವರಿಗಿರಲಿಲ್ಲ, ಪಾಪ.

ಮಗನಿಗೆ ಹೇಳಿ, ಬಾಸ್ಟನ್‌ನಲ್ಲೇ 1845ರಲ್ಲಿ ಶುರುವಾದ ನ್ಯೂ ಇಂಗ್ಲೆಂಡ್ ವಂಶಾವಳಿ ಸಂಘ ಇದೆ. 1620ರಿಂದ 1640ರ ನಡುವೆ ಸುಮಾರು 20,000 ಜನ ಆ ಕಡೆಗೆ ಬಂದರು. ಅವರಲ್ಲಿ ಮೊದಮೊದಲು ಬಂದವರ ಬಗ್ಗೆ ಒಬ್ಬೊಬ್ಬರನ್ನೇ ತೆಗೆದುಕೊಂಡು ಕಾಗದ ತೋರಿಸಿ ಬರೆದ ದಪ್ಪ ಸಂಪುಟಗಳು ಅಲ್ಲಿವೆ. ಬೀಗರ ಮನೆಹೆಸರು ಅದರಲ್ಲಿದೆಯೇ ಎಂದು ಮೊದಲು ನೋಡಲಿ. ಮನೆಯಲ್ಲೇ ಕೂತು ಹುಡುಕುವುದಾದರೆ ಫ್ಯಾಮಿಲಿಸರ್ಚ್ ಎಂಬ ವೆಬ್‌ಸೈಟ್ ಇದೆ, ದುಡ್ಡು ಕೇಳಲ್ಲ. ಅಲ್ಲಿ ಜನ ಕಟ್ಟಿದ ಮರ ನೋಡಬೇಡಿ, ಮೂಲ ಪುಟದ ಫೋಟೋ ನೋಡಿ.

ಪ್ರಶ್ನೆ: ಹಳೇ ಅಮೆರಿಕದ ದಾಖಲೆಗಳಲ್ಲಿ 1637/38 ಎಂದು ಎರಡು ವರ್ಷ ಬರೆದಿರುತ್ತಾರೆ. ಗುಮಾಸ್ತನಿಗೇ ಅನುಮಾನವೇ?
(ಶಿವಮೊಗ್ಗದ ಇತಿಹಾಸ ವಿದ್ಯಾರ್ಥಿನಿ)

ಉತ್ತರ: ಅನುಮಾನ ಅಲ್ಲ, ಅವನಿಗೆ ಸರಿಯಾಗಿಯೇ ಗೊತ್ತಿತ್ತು. ಇಂಗ್ಲಿಷರಿಗೆ 1752ರವರೆಗೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹೆಚ್ಚುಕಮ್ಮಿ ನಮ್ಮ ಯುಗಾದಿ ಹೊತ್ತಿಗೆ ಅನ್ನಿ. ಹಾಗಾಗಿ ಜನವರಿ, ಫೆಬ್ರವರಿ ಅವರ ಲೆಕ್ಕಕ್ಕೆ ಹಳೇ ವರ್ಷದ ಬಾಲ. ನಮ್ಮ ಲೆಕ್ಕಕ್ಕೆ ಹೊಸ ವರ್ಷದ ತಲೆ. ಎರಡನ್ನೂ ಬರೆದರು. ಅಷ್ಟೇ ಅಲ್ಲ, ‘ಮೊದಲನೇ ತಿಂಗಳು’ ಎಂದು ಬರೆದಿದ್ದರೆ ಅದು ಮಾರ್ಚ್, ಜನವರಿಯಲ್ಲ. 1752ರಲ್ಲಿ ಕ್ಯಾಲೆಂಡರ್ ಬದಲಿಸಿದಾಗ ಸೆಪ್ಟೆಂಬರ್ 2ರ ಮಾರನೇ ದಿನ ಸೆಪ್ಟೆಂಬರ್ 14 ಆಯಿತು. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೇ ಲೆಕ್ಕದಲ್ಲಿ 1731ರ ಫೆಬ್ರವರಿ 11, ಈಗಿನ ಲೆಕ್ಕದಲ್ಲಿ 1732ರ ಫೆಬ್ರವರಿ 22. ಈ ಸಂಗತಿ ಮರೆತರೆ ಮದುವೆಗೆ ಮುಂಚೆ ಮಗು ಹುಟ್ಟಿತು, ಅಪ್ಪ ಸತ್ತ ಮೇಲೆ ವಿಲ್ಲು ಬರೆದ ಎಂಬಂಥ ಚಮತ್ಕಾರಗಳೆಲ್ಲ ನಡೆದುಬಿಡುತ್ತವೆ.

ಪ್ರಶ್ನೆ: ನಾನಿರುವುದು ವರ್ಜೀನಿಯಾದಲ್ಲಿ. ನಮ್ಮ ಮನೆ ಮಾಲೀಕರು ತಮ್ಮ ಹಿರಿಯರು 1650ರಲ್ಲಿ ಬಂದರು ಅಂತಾರೆ, ಆದರೆ ಹುಟ್ಟಿದ ದಾಖಲೆ ಸಿಗುತ್ತಿಲ್ಲವಂತೆ. ಇಲ್ಲೂ ಅದೇ ದಾರಿಯೇ?
(ಹುಬ್ಬಳ್ಳಿಯ ಓದುಗರು, ಈಗ ರಿಚ್ಮಂಡ್)

ಉತ್ತರ: ಅಲ್ಲಿ ಕಷ್ಟ ಜಾಸ್ತಿ. ನ್ಯೂ ಇಂಗ್ಲೆಂಡಿನಲ್ಲಿ ಊರಿನ ಗುಮಾಸ್ತ ಹುಟ್ಟು ಸಾವು ಬರೆಯುತ್ತಿದ್ದ. ವರ್ಜೀನಿಯಾದಲ್ಲಿ ಜನ ಹೊಗೆಸೊಪ್ಪಿನ ತೋಟಗಳಲ್ಲಿ ದೂರದೂರ ಚದುರಿದ್ದರು, ಬರೆದದ್ದೇ ಕಡಿಮೆ. ಬರೆದದ್ದೂ ಸುಟ್ಟಿತು. ಅಂತರ್ಯುದ್ಧದಲ್ಲಿ ಕ್ಷೇಮವಾಗಿರಲಿ ಎಂದು ಎಷ್ಟೋ ಕೌಂಟಿಗಳು ತಮ್ಮ ಕಡತಗಳನ್ನು ರಿಚ್ಮಂಡ್‌ಗೆ ಕಳಿಸಿದವು, 1865ರಲ್ಲಿ ಅಲ್ಲೇ ಬೆಂಕಿ ಬಿತ್ತು. ಮೇಲೆ ಹೇಳಿದ ಲಿಂಕನ್ ಮನೆತನದ ರಾಕಿಂಗ್‌ಹ್ಯಾಮ್‌ನದ್ದು ಇನ್ನೂ ಬೇಜಾರಿನ ಕತೆ. 1864ರಲ್ಲಿ ಕಡತಗಳನ್ನು ಗಾಡಿಗೆ ಹೇರಿ ಬಚ್ಚಿಡಲು ಹೊರಟರು, ದಾರಿಯಲ್ಲಿ ಸೈನಿಕರ ಕೈಗೆ ಸಿಕ್ಕಿ ಗಾಡಿಗೇ ಬೆಂಕಿ ಹಚ್ಚಿದರು.

ಅಲ್ಲಿ ಉಳಿದಿರುವ ದೊಡ್ಡ ಆಸರೆ ಜಮೀನು ಮಂಜೂರಾತಿ ಪತ್ರಗಳು. ಒಬ್ಬರ ಹಡಗಿನ ಖರ್ಚು ಕೊಟ್ಟು ಕರೆತಂದರೆ ತಲೆಗೆ 50 ಎಕರೆ ಸಿಗುತ್ತಿತ್ತು, ಆ ತಲೆಗಳ ಹೆಸರು ಪತ್ರದಲ್ಲಿರುತ್ತದೆ. ಬಂದವರಲ್ಲಿ ಬಹಳ ಮಂದಿ ಹಡಗಿನ ಸಾಲ ತೀರಿಸಲು ನಾಲ್ಕರಿಂದ ಏಳು ವರ್ಷ ಜೀತದ ಕರಾರಿಗೆ ರುಜು ಹಾಕಿದವರು. ಆದರೆ ಹುಷಾರು: 1650ರ ಪತ್ರದಲ್ಲಿ ಹೆಸರಿದ್ದರೆ ಆ ವರ್ಷವೇ ಬಂದ ಅಂತಲ್ಲ. ಎಷ್ಟೋ ವರ್ಷ ತಡವಾಗಿ ಜಮೀನು ಕೇಳುತ್ತಿದ್ದರು, ಒಬ್ಬನನ್ನೇ ಎರಡು ಸಲ ತೋರಿಸಿ ಕೇಳುವವರೂ ಇದ್ದರು.

ಪ್ರಶ್ನೆ: ಇಷ್ಟೆಲ್ಲ ಯಾಕೆ? ಎಂಜಲು ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಆಗಲ್ವಾ?
(ಮೈಸೂರಿನ ಓದುಗರು)

ಉತ್ತರ: ಆಗುತ್ತೆ, ಸ್ವಲ್ಪ. ಹತ್ತು ತಲೆಮಾರು ಹಿಂದೆ ಹೋದರೆ ಆ ಸಾಲಿನಲ್ಲೇ ನಿಮ್ಮ ಹಿರಿಯರ 1,024 ಸ್ಥಾನಗಳು. ಅವರಲ್ಲಿ ಅನೇಕರಿಂದ ನಿಮಗೆ ಡಿಎನ್‌ಎ ಒಂದು ಚೂರೂ ಬಂದಿರುವುದಿಲ್ಲ. ಅಪ್ಪನಿಂದ ಮಗನಿಗೆ ಮಾತ್ರ ಹೋಗುವ ವೈ ಕ್ರೋಮೋಸೋಮ್ ಪರೀಕ್ಷೆ ಬೇರೆ. ಅದು ಗೋತ್ರದ ಹಾಗೆ ನೇರ ಬರುತ್ತದೆ, ಇಂಗ್ಲಿಷ್ ಮನೆಹೆಸರೂ ಹಾಗೇ. ಒಂದೇ ಮನೆಹೆಸರಿನ ಇಬ್ಬರು ಗಂಡಸರು ಮಾಡಿಸಿದರೆ ಒಂದೇ ಬೇರಿನವರೋ ಅಲ್ಲವೋ ಗೊತ್ತಾಗುತ್ತದೆ. ಬೇರಿನ ಹೆಸರು ಸ್ಯಾಮ್ಯುಯೆಲ್ಲೋ ಥಾಮಸ್ಸೋ ಅನ್ನೋದನ್ನು ಎಂಜಲು ಹೇಳಲ್ಲ, ಅದಕ್ಕೆ ಮತ್ತೆ ಕಾಗದವೇ ಬೇಕು.

ಮತ್ತೆ ದಾವಣಗೆರೆಯಿಂದ: ಪತ್ರ ಅಂಚೆಗೆ ಹಾಕಿದ ಮೇಲೆ ಮಗ ಫೋನ್ ಮಾಡಿದ. ಬೀಗರ ಮನೆಯ ಅಟ್ಟದಲ್ಲಿ ಹಳೇ ಬೈಬಲ್ ಸಿಕ್ಕಿದೆಯಂತೆ. ಅದರಲ್ಲಿ 1758ರಿಂದ ಹುಟ್ಟಿದವರ ಹೆಸರು ಬರೆದಿದೆಯಂತೆ. ಇನ್ನೇನು ಬೇಕು?

ಉತ್ತರ: ಒಳ್ಳೇ ಸುದ್ದಿ ಮೇಷ್ಟ್ರೇ! ಹೆಸರಿರುವ ಪುಟದ ಫೋಟೋ ಕಳಿಸಲು ಹೇಳಿ, ಜೊತೆಗೆ ಪುಸ್ತಕದ ಮೊದಲ ಪುಟದ್ದೂ. ಅದು ಅಚ್ಚಾದ ವರ್ಷ ನೋಡಬೇಕು. 1820ರಲ್ಲಿ ಅಚ್ಚಾದ ಬೈಬಲ್ಲಿನಲ್ಲಿ 1758ರ ಮಗುವಿನ ಹೆಸರಿದ್ದರೆ, ಮೇಲಿನಿಂದ ಕೆಳಗಿನವರೆಗೆ ಒಂದೇ ಕೈಬರಹ, ಒಂದೇ ಶಾಯಿ ಇದ್ದರೆ, ಅದು ಯಾರೋ ಮೊಮ್ಮಗಳು ಒಂದು ಮಧ್ಯಾಹ್ನ ಕೂತು ಅಜ್ಜಿಯನ್ನು ಕೇಳಿ ಬರೆದದ್ದು. ಶಾಯಿ, ಕೈಬರಹ ಬದಲಾಗುತ್ತಾ ಬಂದಿದ್ದರೆ ಮಾತ್ರ ಮಗು ಹುಟ್ಟಿದ ಹಾಗೆ ಬರೆದದ್ದು. ಎರಡೂ ಬೇಕು, ಎರಡರ ಬೆಲೆ ಬೇರೆ. ಫೋಟೋ ಬಂದ ಮೇಲೆ ಮತ್ತೆ ಬರೆಯಿರಿ.